ಎರಡನೇ ರಿಪೋರ್ಟ್ ಬರುವವರೆಗೆ

(ಬಳ್ಳಾರಿಯಲ್ಲಿ ನಿವೃತ್ತ ಶಿಕ್ಷಕರ ತಿಂಗಳ ಕೂಟದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ಸಂಡೂರಿನ ಬೆಟ್ಟಗಳು ಮತ್ತು ಕಬ್ಬಿಣದ ಅದಿರು ಎಂದಿದೆ. ಅದನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳೋಣ. ನಿಮ್ಮಲ್ಲಿ ಕೆಲವರಿಗೆ ಸುದ್ದಿ ಮುಟ್ಟಿದೆ. ಮುಟ್ಟದವರಿಗೆ ನಾನೇ ಹೇಳುತ್ತೇನೆ. ನನ್ನ ಕುತ್ತಿಗೆಯ ಗಂಟಿನ ಬಯಾಪ್ಸಿ ರಿಪೋರ್ಟ್ ಬಂದಿದೆ. ಲಿಂಫೋಮಾ ಎಂದು ಬರೆದಿದ್ದಾರೆ, ದುಗ್ಧಗ್ರಂಥಿಯ ಕ್ಯಾನ್ಸರ್. ಯಾವ ಬಗೆಯದು ಎಂದು ಇನ್ನೂ ಗೊತ್ತಾಗಿಲ್ಲ. ಆ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದಾರೆ. ಕಾಯಿಲೆ ದೇಹದಲ್ಲಿ ಎಲ್ಲೆಲ್ಲಿದೆ ಎಂದು ನೋಡುವ ಪೆಟ್ ಸ್ಕ್ಯಾನ್ ಇನ್ನೂ ಆಗಬೇಕು.

ನಮ್ಮ ಕಾರ್ಯದರ್ಶಿಗಳು ಪಾಪ, "ಮೇಡಂ, ಕಾರ್ಯಕ್ರಮ ಮುಂದಕ್ಕೆ ಹಾಕೋಣ" ಎಂದರು. ನಾನೇ ಬೇಡ ಎಂದೆ. ಗುಣವಾಗಿ ಬಂದವರು ಭಾಷಣ ಮಾಡುತ್ತಾರೆ. ಡಾಕ್ಟರುಗಳು ಮಾಡುತ್ತಾರೆ. ಈ ನಡುವಿನ ದಿನಗಳಲ್ಲಿ ಇರುವವರು ಮಾತ್ರ ಬಾಯಿ ಬಿಡುವುದಿಲ್ಲ. ಮನೆಯವರು ಬಿಡಗೊಡುವುದೂ ಇಲ್ಲ. ರಿಪೋರ್ಟ್ ಬಂದ ಮೇಲೆ ನನ್ನ ಮಾತೂ ಬೇರೆ ಆಗಿಬಿಡುತ್ತದೆ. ಅದಕ್ಕೇ ಇವತ್ತೇ ಮಾತಾಡುತ್ತೇನೆ.

ಹೇಳಬೇಕಾದ್ದು ಒಂದೇ. ಮೊದಲ ರಿಪೋರ್ಟಿಗೂ ಎರಡನೇ ರಿಪೋರ್ಟಿಗೂ ನಡುವೆ ದೊಡ್ಡ ತೀರ್ಮಾನ ಯಾವುದನ್ನೂ ಮಾಡಬೇಡಿ. ಹೊಲ ಮಾರಬೇಡಿ, ಮದುವೆ ಗೊತ್ತು ಮಾಡಬೇಡಿ, ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಇದನ್ನು ಇವತ್ತು ನಾಲ್ಕಾರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಯಾಕೆ ಅಂತ ಕೇಳಿ. ಮೊದಲ ರಿಪೋರ್ಟ್ ಹೇಳುವುದು ಕಾಯಿಲೆ ಇದೆ ಎಂಬುದನ್ನು. ಅದು ಪೂರ್ತಿ ಉತ್ತರ ಅಲ್ಲ. ಜ್ವರ ಇದೆ ಎಂದರೆ ಮಲೇರಿಯಾನೋ, ಟೈಫಾಯ್ಡೋ, ಡೆಂಗಿಯೋ ಎಂದು ಕೇಳುತ್ತೇವೆ ಅಲ್ವಾ? ಲಿಂಫೋಮಾದಲ್ಲಿ ಹತ್ತಾರು ಬಗೆ ಇವೆ. ಹಾಡ್ಜ್‌ಕಿನ್ ಎಂಬುದೊಂದು. ಥಾಮಸ್ ಹಾಡ್ಜ್‌ಕಿನ್ ಎಂಬ ಇಂಗ್ಲಿಷ್ ವೈದ್ಯ 1832ರಲ್ಲೇ ಅದನ್ನು ಬರೆದಿಟ್ಟರು. ಇವತ್ತು ಅದು ಬಹಳ ಮಂದಿಗೆ ಪೂರ್ತಿ ಗುಣವಾಗುವ ಕ್ಯಾನ್ಸರ್. ಉಳಿದವುಗಳಲ್ಲಿ ಕೆಲವು ಜೋರಾಗಿ ಬೆಳೆಯುತ್ತವೆ, ಬೇಗ ಕೀಮೋ ಶುರು ಮಾಡಬೇಕು. ಹಾಗೆ ಜೋರಾಗಿ ಬೆಳೆಯುವವು ಔಷಧಿಗೂ ಚೆನ್ನಾಗಿ ಬಗ್ಗುವುದುಂಟು. ಇನ್ನು ಕೆಲವು ಎಷ್ಟು ನಿಧಾನ ಎಂದರೆ, ಡಾಕ್ಟರು ಔಷಧಿಯನ್ನೇ ಕೊಡದೆ "ಆಗಾಗ ಬಂದು ತೋರಿಸಿ" ಎಂದು ವರ್ಷಗಟ್ಟಲೆ ನೋಡುತ್ತಾ ಇರುತ್ತಾರೆ. ಮೊದಲ ರಿಪೋರ್ಟಿನಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಹೆಸರು.

ಆ ಪರೀಕ್ಷೆಗೆ ಅಷ್ಟು ದಿನ ಯಾಕೆ ಎಂದು ಎಲ್ಲರೂ ಸಿಟ್ಟಾಗುತ್ತಾರೆ. ನಾನು ಜೀವನಪೂರ್ತಿ ವಿಜ್ಞಾನ ಪಾಠ ಮಾಡಿದವಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಟು ತೆಗೆದ ದಿನ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಯಜಮಾನರ ಕೈಗೆ ಕೊಟ್ಟು, ಲ್ಯಾಬಿಗೆ ಮುಟ್ಟಿಸಿ ಬನ್ನಿ ಎಂದರು. ಮುಚ್ಚಳದ ಸುತ್ತ ಬಿಳಿ ಪ್ಲಾಸ್ಟರ್ ಸುತ್ತಿತ್ತು. ಮೇಲೆ ನೀಲಿ ಪೆನ್ನಿನಲ್ಲಿ ನನ್ನ ಹೆಸರು, ವಯಸ್ಸು, 'ಎಡ ಕುತ್ತಿಗೆ'. ಒಳಗೆ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣ, ಅದರ ತಳದಲ್ಲಿ ಬೂದು ಬಣ್ಣದ ಒಂದು ಚೂರು. ನಮ್ಮ ಯಜಮಾನರು ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆಟೋ ಹತ್ತಿದರು. ಆ ಚೂರು ಫಾರ್ಮಲಿನ್‌ನಲ್ಲಿ ಚೆನ್ನಾಗಿ ನೆನೆಯಬೇಕು. ನೀರು ತೆಗೆದು ಮೇಣ ಕುಡಿಸಿ ಗಟ್ಟಿ ಬ್ಲಾಕ್ ಮಾಡಬೇಕು. ಆ ಬ್ಲಾಕನ್ನು ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಬಣ್ಣ ಹಾಕಿದ ಮೇಲೆ ಜೀವಕೋಶದ ನ್ಯೂಕ್ಲಿಯಸ್ ನೇರಳೆಯಾಗಿ ಕಾಣುತ್ತದೆ, ಉಳಿದದ್ದು ಗುಲಾಬಿ. ಅದನ್ನು ನೋಡಿ ಮೊದಲ ರಿಪೋರ್ಟ್ ಬರೆಯುತ್ತಾರೆ.

ಎರಡನೆಯದಕ್ಕೆ ಅದೇ ಬ್ಲಾಕಿನಿಂದ ಮತ್ತೆ ಹೊಸ ಹೊಸ ತುಣುಕು ಹೆರೆಯಬೇಕು. ಒಂದೊಂದು ತುಣುಕಿಗೂ ಒಂದೊಂದು ಆಂಟಿಬಾಡಿ, ಅಂದರೆ ಜೀವಕೋಶದ ಒಂದು ಗುರುತಿಗೆ ಮಾತ್ರ ಅಂಟುವ ಪ್ರೋಟೀನ್, ಹಾಕುತ್ತಾರೆ. ಸಿಡಿ 20 ಎಂಬ ಗುರುತಿನದು ಅಂಟಿಕೊಂಡಿತಾ, ಸಿಡಿ 3 ಅಂಟಿತಾ, ಸಿಡಿ 30 ಅಂಟಿತಾ ಎಂದು ನೋಡುತ್ತಾರೆ. ಒಂದು ಸುತ್ತಿನಲ್ಲಿ ತೀರ್ಮಾನವಾಗದಿದ್ದರೆ ಇನ್ನೊಂದು ಸುತ್ತು. ಇದು ಸೋಮಾರಿತನ ಅಲ್ಲ. ಅಲ್ಲಿ ಒಬ್ಬರು ಮೈಕ್ರೋಸ್ಕೋಪಿನ ಮುಂದೆ ಕೂತು ನನ್ನ ಬಗ್ಗೆಯೇ ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡರೆ ನನಗೆ ಧೈರ್ಯ ಬರುತ್ತದೆ.

ಈಗ ನಮ್ಮ ಭಾವನವರ ವಿಷಯ. ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ.

ಭಾವನವರು ಸಿರುಗುಪ್ಪ ಕಡೆ ಭತ್ತ ಬೆಳೆಯುವವರು. ಕಾಲುವೆ ನೀರು, ಸೋನಾ ಮಸೂರಿ, ಎತ್ತರದ ದನಿ. ನನ್ನ ರಿಪೋರ್ಟ್ ಬಂದ ಮರುದಿನ ಬೆಳಗ್ಗೆಯೇ ಮನೆಗೆ ಬಂದರು. ಒಂದು ಕೈಯಲ್ಲಿ ಅಕ್ಕಿ ಚೀಲ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರು. ಕೂತವರು ನೀರೂ ಕುಡಿಯಲಿಲ್ಲ. "ಹೆದರಬ್ಯಾಡಮ್ಮ, ಎಲ್ಲಾ ಯೋಚನಿ ಮಾಡೀನಿ" ಎಂದು ಕವರಿನಿಂದ ಜಾತಕ ತೆಗೆದರು. "ಹುಡುಗ ತೋರಣಗಲ್ಲಾಗ ಇಂಜಿನಿಯರ್ ಅದಾನ. ಮನಿತನ ಛಲೋ ಐತಿ. ಅಮಾಸಿ ಕಳದ ಮ್ಯಾಲೆ ಮುಹೂರ್ತ ಐತಿ. ನಿನ್ನ ಕಣ್ಣ ಮುಂದ ಮಗಳ ಮದುವಿ ಆಗಿಬಿಡ್ಲಿ."

ಕಣ್ಣ ಮುಂದೆ ಅಂತೆ! ನನ್ನ ಕೊನೆಯ ಮಗಳು ಇಲ್ಲೇ ಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳು ಚಹಾ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಭಾವನವರ ಮಾತು ಮುಗಿದಿರಲಿಲ್ಲ. ನಮ್ಮದೊಂದು ಸೈಟ್ ಇದೆ, ಅದಕ್ಕೆ ಗಿರಾಕಿಯನ್ನೂ ಹುಡುಕಿದ್ದರು. "ರೇಟು ಸ್ವಲ್ಪ ಕಮ್ಮಿ ಐತಿ, ಆದ್ರ ನಗದು ಕೊಡ್ತಾನ. ಮದುವಿಗೂ ಆತು, ಆಸ್ಪತ್ರಿಗೂ ಆತು." ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎನ್ನುತ್ತಾರಲ್ಲ, ಹಾಗೆ. ನಮ್ಮ ಯಜಮಾನರು ಫ್ಯಾನ್ ನೋಡುತ್ತಾ ಕೂತಿದ್ದರು.

ನಾನು ಕೇಳಿದೆ, "ಭಾವ, ನನಗೆ ಬಂದಿರೋದು ಯಾವ ಲಿಂಫೋಮಾ?"

"ಅಂದ್ರ?"

ಈಗ ನಿಮಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಗುಣವಾಗುವುದೂ ಇದೆ, ಔಷಧಿಯೇ ಬೇಡದೆ ವರ್ಷಗಟ್ಟಲೆ ಸುಮ್ನೆ ಇರುವುದೂ ಇದೆ, ಕಷ್ಟದ್ದೂ ಇದೆ. "ನನ್ನದು ಯಾವುದು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಾಗದೆ ಇರೋದಕ್ಕೆ ಇವಳ ಓದು ಯಾಕೆ ಬಿಡಿಸೋದು?" ಭಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಒಂದು ವರ್ಷ ಕಾಯಾಕ ಹುಡುಗನ ಮನಿಯವರು ಒಪ್ಪಲ್ಲವಾ" ಎಂದರು. ಇನ್ನೂ ಬಿಡಲಿಲ್ಲ! ಆಗ ಮಗಳೇ ಬಂದು ಚಹಾ ಕೊಟ್ಟು, "ದೊಡ್ಡಪ್ಪ, ಅಮ್ಮನ ಎರಡನೇ ರಿಪೋರ್ಟ್ ಬರಲಿ" ಎಂದಳು. ಜಾತಕ ವಾಪಸ್ ಕವರಿಗೆ ಹೋಯಿತು. ಅಕ್ಕಿ ಚೀಲ ಉಳಿಯಿತು.

ಅವರನ್ನು ಬೈಯಲು ಇದನ್ನು ಹೇಳಲಿಲ್ಲ. ಆ ಮನುಷ್ಯನಿಗೆ ನನ್ನ ಮೇಲೆ ಪ್ರೀತಿ ಇದೆ. ಪ್ರೀತಿ ಇದ್ದವರೇ ಈ ದಿನಗಳಲ್ಲಿ ಆತುರ ಮಾಡುತ್ತಾರೆ. ಏನೂ ಮಾಡದೆ ಕೂರುವುದು ಅವರಿಂದಾಗದು. ಅವಸರದಲ್ಲಿ ಮದುವೆಯಾಗಿ ಓದು ಬಿಟ್ಟ ಹುಡುಗಿಯರು, ಅರ್ಧ ಬೆಲೆಗೆ ಹೋದ ಹೊಲಗಳು ನಿಮ್ಮ ಊರಲ್ಲೂ ಇವೆ. ನನಗಿಂತ ನಿಮಗೇ ಜಾಸ್ತಿ ಗೊತ್ತು. ಭಾವನವರು ಈಗ ದಿನಾ ಬೆಳಗ್ಗೆ ಫೋನ್ ಮಾಡುತ್ತಾರೆ. "ಊಟ ಸೇರ್ತೈತಾ?" ಎಂದು ಕೇಳಿ ಇಟ್ಟುಬಿಡುತ್ತಾರೆ. ಅಷ್ಟು ಸಾಕು ನನಗೆ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ. ರೋಗಿಗೆ ಹೇಳಿ. ನನ್ನ ಮೊದಲ ರಿಪೋರ್ಟನ್ನೇ ನನಗೆ ಕೊಡಲಿಲ್ಲ. ಯಜಮಾನರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ನನ್ನ ದೇಹದ ಸುದ್ದಿ ಕಾರಿಡಾರಿನಲ್ಲಿ ನಿಂತ ಎಲ್ಲರಿಗೂ ಗೊತ್ತಾಗಿ ನನಗೆ ಕೊನೆಗೆ ಬಂತು. ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ ಎಂದು ಅವರ ಲೆಕ್ಕ. ಗೊತ್ತಾಗದಿದ್ದಾಗ ಏನಾಗುತ್ತದೆ ಹೇಳಲಾ? ಮನೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ನಿಮ್ಮ ಮುಖ ನೋಡುತ್ತಾರೆ. ನೀವು ನಡೆದು ಬಂದರೆ ಫೋನ್ ಕೆಳಗಿಡುತ್ತಾರೆ. ಅದಕ್ಕಿಂತ ಹೆದರಿಕೆ ಇನ್ನೊಂದಿಲ್ಲ. ನನಗೆ ಹೇಳಿದ ದಿನ ಅತ್ತೆ. ಆಮೇಲೆ ಒಂದು ನೋಟ್‌ಬುಕ್ ತರಿಸಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದೆ. ರಾತ್ರಿ ಹೊಳೆದದ್ದನ್ನು ಬರೆದಿಟ್ಟರೆ ಅದು ಬೆಳಗಿನವರೆಗೆ ತಲೆಯಲ್ಲಿ ಸುತ್ತುವುದಿಲ್ಲ.

ರಾತ್ರಿ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಎರಡು ಗಂಟೆಗೆ ಎಚ್ಚರವಾಗುತ್ತದೆ. ಕೈ ಮೊಬೈಲಿಗೆ ಹೋಗುತ್ತದೆ. ಅಲ್ಲಿ ಸಿಗುವ ಬದುಕುಳಿಯುವ ಲೆಕ್ಕಗಳಲ್ಲಿ ಎಷ್ಟೋ ಹಳೆಯವು. ಕೆಲವು ಬಗೆಯ ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅದಕ್ಕಿಂತ ಮುಂಚಿನ ಲೆಕ್ಕ ಓದಿ ನಾನು ಯಾಕೆ ಅಳಬೇಕು? ನಾಲ್ಕನೇ ಸ್ಟೇಜ್ ಎಂಬುದೂ ಅಷ್ಟೇ. ಲಿಂಫೋಮಾದಲ್ಲಿ ನಾಲ್ಕನೇ ಸ್ಟೇಜಿನವರೂ ಗುಣವಾಗುವುದಿದೆ. ತೀರಾ ತಡೆಯಲಾಗದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಬೇಗ ಬೇಗ ಹೇಳುತ್ತೇನೆ.

ಊತ ಇಳಿಯಲಿ ಎಂದು ಯಾರೋ ಕೊಟ್ಟ ಗುಳಿಗೆ ನುಂಗಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಗಂಟು ಕುಗ್ಗುತ್ತದೆ, ಬಯಾಪ್ಸಿಯಲ್ಲಿ ಏನೂ ಸ್ಪಷ್ಟ ಆಗುವುದಿಲ್ಲ. ಲಕ್ಷ್ಮಣಫಲ, ಪಪ್ಪಾಯಿ ಎಲೆ ರಸ, ಏನು ಕುಡಿಯುತ್ತಿದ್ದರೂ ಡಾಕ್ಟರಿಗೆ ಹೇಳಿ. ಸೂಜಿ ಚುಚ್ಚಿದರೆ ಹರಡುತ್ತದೆ ಎಂದು ಹೆದರಿ ಬಯಾಪ್ಸಿ ತಪ್ಪಿಸಿಕೊಳ್ಳಬೇಡಿ. ಚಿಕಿತ್ಸೆಗೆ ದಾರಿ ಸಿಗುವುದೇ ಅದರಿಂದ.

ಪೆಟ್ ಸ್ಕ್ಯಾನಿನಲ್ಲಿ ಎಲ್ಲಾದರೂ ಹೊಳೆದರೆ ಅದೆಲ್ಲ ಕ್ಯಾನ್ಸರ್ ಅಲ್ಲ. ಟಿಬಿ ಹೊಳೆಯುತ್ತದೆ, ಸೋಂಕು ಹೊಳೆಯುತ್ತದೆ. ನಮ್ಮ ಕಡೆ ಟಿಬಿ ಕಡಿಮೆ ಇಲ್ಲ. ಅದಕ್ಕೇ ಕಾಗದ ಓದಿ ನೀವೇ ಅರ್ಥ ಮಾಡಿಕೊಳ್ಳುವುದು ಬೇಡ. ಇನ್ನು, ಸ್ಕ್ಯಾನಿಗೆ ಮುಂಚೆ ಕೊಡುವ ಇಂಜೆಕ್ಷನ್‌ನಲ್ಲಿರುವ ವಿಕಿರಣಶೀಲ ಫ್ಲೋರಿನ್ 18 ಸುಮಾರು 110 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ, ಹೇಳಿದ ಹೊತ್ತಿಗೆ ಹೋಗಿ.

ಕಾಯಬೇಡಿ ಎನ್ನುವ ಹೊತ್ತೂ ಇದೆ. ಮಲಗಿದರೆ ಉಸಿರಾಟ ಕಷ್ಟ, ಮುಖ ಊದಿಕೊಳ್ಳುವುದು, ಜೋರು ಜ್ವರ, ನಿಲ್ಲದ ರಕ್ತ, ಇದ್ದಕ್ಕಿದ್ದಂತೆ ಕಾಲಲ್ಲಿ ಬಲ ಇಲ್ಲದಿರುವುದು, ಮೂತ್ರ ಕಟ್ಟುವುದು. ಇವು ಬಂದರೆ ರಿಪೋರ್ಟ್ ಗಿಪೋರ್ಟ್ ಇಲ್ಲ, ಆ ಕ್ಷಣ ಆಸ್ಪತ್ರೆ.

ಕಾಗದಗಳನ್ನು ಈ ದಿನಗಳಲ್ಲೇ ಹೊಂದಿಸಿಡಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ ಎಂದು ಮೊದಲೇ ವಿಚಾರಿಸಿ. ಸೈಟ್ ಮಾರುವ ಮುಂಚೆ ಇದನ್ನು ಕೇಳಿ ಎಂದೇ ನಾನು ಹೇಳುವುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಹುಬ್ಬಳ್ಳಿಗೋ ಹೋಗುವುದಾದರೆ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಬ್ಲಾಕ್ ಮೇಣದ್ದು. ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಸ್ಟೇಜಿಗೂ ಗ್ರೇಡಿಗೂ ಇರುವ ವ್ಯತ್ಯಾಸ ಹೇಳಬೇಕಿತ್ತು. ಸಮಯ ಇಲ್ಲ, ಆಮೇಲೆ ಕೇಳಿ.

ಕೊನೆಗೆ ಸಂಘಕ್ಕೆ ಒಂದು ಬೇಡಿಕೆ. ನಮ್ಮಲ್ಲಿ ಒಬ್ಬೊಬ್ಬರೇ ಇರುವವರು ಜಾಸ್ತಿ. ಮಕ್ಕಳು ದೂರದಲ್ಲಿದ್ದಾರೆ. ಅಂಥವರ ಬ್ಲಾಕ್ ಹಿಡಿದು ಹಂಪಿ ಎಕ್ಸ್‌ಪ್ರೆಸ್ ಹತ್ತಲು, ಆಸ್ಪತ್ರೆಯ ಸರದಿಯಲ್ಲಿ ನಿಲ್ಲಲು, ಮನೆಗೆ ಬರುವ ಫೋನುಗಳಿಗೆ ಅವರ ಬದಲು ಉತ್ತರ ಹೇಳಲು ಯಾರು ಸಿದ್ಧ? ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಹೆಸರು, ಫೋನ್ ನಂಬರ್, ಯಾವ ದಿನ ಬಿಡುವು ಇರುತ್ತದೆ ಎಂದು ಬರೆಯಿರಿ. ಮೊದಲ ಹೆಸರು ನಮ್ಮ ಭಾವನವರದು, ನಿನ್ನೆಯೇ ಬರೆಸಿದ್ದಾರೆ.

ಈಗ ಪ್ರಶ್ನೆ ಇದ್ದವರು ಕೇಳಿ. ಹಿಂದಿನ ಸಾಲಿನವರು ಸ್ವಲ್ಪ ಜೋರಾಗಿ.