ಗೇರ್‌ಬಾಕ್ಸ್ ಆಯ್ಕೆಗೆ ಹಿಂದಿನ ಆಕ್ಸಲ್‌ನಿಂದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ಮರುಜೀವ ಕೊಡುವವರು ಬಹಳ ಇಷ್ಟಪಟ್ಟು ಮಾಡುವ ಕೆಲಸವೊಂದಿದೆ. 1967ರಿಂದ 1969ರವರೆಗಿನ ಷೆವರ್ಲೆ ಕ್ಯಾಮರೊ ತಂದು, ಗುಜರಿ ಸೇರಿದ ಪಿಕಪ್ ಟ್ರಕ್ಕಿನ 5.3 ಲೀಟರ್ ವಿ-8 ಎಂಜಿನ್ನನ್ನು ಅದಕ್ಕೆ ಕೂರಿಸುತ್ತಾರೆ. ಇದು ಜನರಲ್ ಮೋಟರ್ಸ್‌ನ ಎಲ್‌ಎಸ್ ಕುಟುಂಬದ ಎಂಜಿನ್. ಗಟ್ಟಿಯಾದದ್ದು, ಬಿಡಿಭಾಗಗಳಿಗೂ ಕೊರತೆಯಿಲ್ಲ. ಎಂಜಿನ್ ಕೂರಿಸುವ ದಾರಿ ಈಗ ಎಲ್ಲರಿಗೂ ಗೊತ್ತು. ಹಣ ಪೋಲಾಗುವುದು ಅದರ ಬೆನ್ನಿಗೆ ಯಾವ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಾಕಬೇಕು ಎಂಬ ಆಯ್ಕೆಯಲ್ಲಿ.

'ಇದು ಎಷ್ಟು ಟಾರ್ಕ್ ತಡೆಯುತ್ತೆ?' ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಬೇಗ ಮುಗಿಯುತ್ತದೆ. ಈ ಎಂಜಿನ್ ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 440 ನ್ಯೂಟನ್ ಮೀಟರ್. ಹಳೆಯ ಟಿ-5 ಗೇರ್‌ಬಾಕ್ಸಿಗೆ ಅದು ಹೆಚ್ಚು, ಬಿಟ್ಟುಬಿಡಿ. ಆರು ಗೇರಿನ ಟಿ-56 ಸುಮಾರು 610, ಟ್ರೆಮೆಕ್ ಕಂಪನಿಯ ಐದು ಗೇರಿನ ಟಿಕೆಎಕ್ಸ್ ಸುಮಾರು 810, ಆರು ಗೇರಿನ ಮ್ಯಾಗ್ನಮ್ ಸುಮಾರು 950 ತಡೆಯುತ್ತವೆ. ಮೂರೂ ಸಾಲುತ್ತವೆ. ಹಾಗಾದರೆ ಯಾವುದನ್ನು ಆರಿಸಬೇಕು? ಅದನ್ನು ಹೇಳುವುದು ಕಾರಿನ ಹಿಂದಿನ ಆಕ್ಸಲ್.

ಮೊದಲು ಆಕ್ಸಲ್‌ನ ಕ್ರೌನ್-ಪಿನಿಯನ್ ಅನುಪಾತ ತಿಳಿದುಕೊಳ್ಳಿ: ಹಿಂದಿನ ಚಕ್ರಗಳು ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ದಂಡ, ಎಷ್ಟು ಸುತ್ತಬೇಕು ಎಂಬುದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂದಿನ ಒಂದು ಚಕ್ರ ನೆಲದ ಮೇಲೇ ಇರಲಿ. ಇನ್ನೊಂದನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಮೂರು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ 3.08, ಮೂರೂ ಮುಕ್ಕಾಲಿನ ಹತ್ತಿರ ಬಂದರೆ 3.73. ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸಲು ನೋಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಈ ಉಪಾಯ ನಡೆಯದು. ಆಗ ಎರಡೂ ಚಕ್ರ ಎತ್ತಿ ಒಂದೇ ಸುತ್ತು ತಿರುಗಿಸಿ ಎಣಿಸಿ.

ಈಗ ಮೊದಲ ಗೇರಿನ ಅನುಪಾತವನ್ನು ಇದರಿಂದ ಗುಣಿಸಿ. ಸುಮಾರು ಒಂದೂವರೆ ಟನ್ನಿನ ವಿ-8 ಕಾರಿಗೆ ಉತ್ತರ ಹತ್ತರ ಆಸುಪಾಸು ಬಂದರೆ ಸರಿ. 1998ರಿಂದ 2002ರ ಕ್ಯಾಮರೊದ ಟಿ-56ರಲ್ಲಿ ಮೊದಲ ಗೇರ್ 2.66. ಅದು 3.08ರ ಆಕ್ಸಲ್ ಜೊತೆ ಸೇರಿದರೆ ಬರುವುದು 8.2 ಮಾತ್ರ. ಪ್ರತಿ ಸಿಗ್ನಲ್‌ನಲ್ಲೂ ಕ್ಲಚ್ಚನ್ನು ಅರ್ಧ ಒತ್ತಿ ಉಜ್ಜಿಕೊಂಡೇ ಹೊರಡಬೇಕು, ಪ್ಲೇಟ್ ಬೇಗ ಸುಡುತ್ತದೆ. ಆರನೇ ಗೇರ್ ಅರ್ಧ, ಅಂದರೆ 0.50. ಚಕ್ರದ ವ್ಯಾಸ 66 ಸೆಂಟಿಮೀಟರ್ ಇದ್ದಾಗ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 1,360 ಸುತ್ತಿಗೆ ಇಳಿಯುತ್ತದೆ. ಸಣ್ಣ ಏರು ಬಂದರೂ ತಿಣುಕುತ್ತದೆ. ಆರನೇ ಗೇರಿಗೆ ಕೊಟ್ಟ ದುಡ್ಡು ಕೆಲಸಕ್ಕೆ ಬಾರದು.

ಅದೇ ಆಕ್ಸಲ್‌ಗೆ ಐದು ಗೇರಿನ ಟಿಕೆಎಕ್ಸ್ ಹಾಕಿ ನೋಡಿ. ಅದರ ಒಂದು ಮಾದರಿಯಲ್ಲಿ ಮೊದಲ ಗೇರ್ 3.27, ಐದನೆಯದು 0.72. ಗುಣಲಬ್ಧ ಸುಮಾರು ಹತ್ತು, 110ರಲ್ಲಿ ಎಂಜಿನ್ 1,960 ಸುತ್ತು. ಆಕ್ಸಲ್ ಮುಟ್ಟಬೇಕಾಗಿಯೇ ಇಲ್ಲ. ಆಕ್ಸಲ್ 3.73 ಆಗಿದ್ದರೆ ಮಾತ್ರ ಟಿ-56ಗೆ ಅರ್ಥವಿದೆ: ಮೊದಲ ಗೇರಿನಲ್ಲಿ 9.9, ಆರನೆಯದರಲ್ಲಿ 1,650 ಸುತ್ತು. ಟ್ರಕ್ಕಿನ ಮೂಲ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಇರುವ ಎಂಜಿನ್ ಇದನ್ನು ಆರಾಮಾಗಿ ಎಳೆಯುತ್ತದೆ. ದೊಡ್ಡ ಕ್ಯಾಮ್ ಹಾಕಿಸಿದ ಎಂಜಿನ್ ಆದರೆ ಅಲ್ಲಿ ಜರ್ಕ್ ಹೊಡೆಯುತ್ತದೆ.

ಇನ್ನೊಂದು ವಿಷಯ ಸುರಂಗದ್ದು, ಅಂದರೆ ನೆಲದ ನಡುವಿನ ಉಬ್ಬು. ಹಳೆಯ ಕ್ಯಾಮರೊದಲ್ಲಿ ಮ್ಯಾಗ್ನಮ್ ಕೂರಬೇಕಾದರೆ ಅದನ್ನು ಕತ್ತರಿಸಿ ಎತ್ತರಿಸಬೇಕು. ಟಿಕೆಎಕ್ಸ್‌ನ ಮೇಲ್ಭಾಗವನ್ನು ಇಂಥ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತಗ್ಗಿಸಿದ್ದಾರೆ. ಬೀದಿಯಲ್ಲಿ ಓಡಿಸುವ ಕಾರಿಗೆ ನನ್ನ ಮತ ಟಿಕೆಎಕ್ಸ್‌ಗೇ.

ಹಳೆಯದನ್ನು ಕೊಳ್ಳುವವರಿಗೆ ಎರಡು ಎಚ್ಚರಿಕೆ. ಕಾರ್ವೆಟ್ ಕಾರಿನಿಂದ ಬಿಚ್ಚಿದ ಟಿ-56 ಅಗ್ಗಕ್ಕೆ ಸಿಕ್ಕರೂ ಬೇಡ. 1997ರಿಂದೀಚಿನ ಕಾರ್ವೆಟ್‌ನಲ್ಲಿ ಗೇರ್‌ಬಾಕ್ಸ್ ಇರುವುದು ಹಿಂದಿನ ಆಕ್ಸಲ್ ಬಳಿ. ಎಂಜಿನ್ನಿಗೆ ನೇರವಾಗಿ ಜೋಡಿಸಲಾಗದು. 1993ರಿಂದ 1997ರ ಕ್ಯಾಮರೊದ ಟಿ-56ರಲ್ಲಿ ಇನ್‌ಪುಟ್ ಶಾಫ್ಟೂ (ಎಂಜಿನ್ನಿನ ಕಡೆಗೆ ಚಾಚಿರುವ ದಂಡ) ಮುಂಭಾಗದ ಪ್ಲೇಟೂ ಬೇರೆ. ಅವೆರಡನ್ನೂ ಬದಲಿಸುವ ಖರ್ಚು ಸೇರಿಸಿಯೇ ಬೆಲೆ ಚೌಕಾಸಿ ಮಾಡಿ.

ಇನ್ನು ಗೇರ್‌ಬಾಕ್ಸನ್ನು ನಿಜವಾಗಿ ಕೊಲ್ಲುವ ತಪ್ಪಿಗೆ ಬರೋಣ. ಎಲ್‌ಎಸ್ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಹಿಂತುದಿ ಹಳೆಯ ಷೆವರ್ಲೆ ವಿ-8ಕ್ಕಿಂತ ಸುಮಾರು 10 ಮಿಲಿಮೀಟರ್ ಒಳಗಿದೆ. 1999 ಮತ್ತು 2000ದ 6.0 ಲೀಟರ್ ಎಂಜಿನ್ನುಗಳು ಇದಕ್ಕೆ ಹೊರತು, ಅವುಗಳದ್ದು ಉದ್ದ. ಕ್ರ್ಯಾಂಕಿನಲ್ಲಿ, ಇನ್‌ಪುಟ್ ಶಾಫ್ಟಿನ ತುದಿಗೆ ಆಧಾರ ಕೊಡುವ ಪೈಲಟ್ ಬೇರಿಂಗ್ ಕೂರಲು ಎರಡು ಜಾಗಗಳಿವೆ: ಒಳಗೆ ಚಿಕ್ಕದು, ಹೊರಗೆ ದೊಡ್ಡದು. ಎಲ್‌ಎಸ್‌ಗೆಂದೇ ಮಾಡಿದ ಟಿ-56ಕ್ಕೆ ಒಳಗಿನದು ಸಾಕು. ಜನರಲ್ ಮೋಟರ್ಸ್‌ನ ಹಳೆಯ ಮನ್ಸಿ ಗೇರ್‌ಬಾಕ್ಸಿನ ಅಳತೆಯ ಇನ್‌ಪುಟ್ ಶಾಫ್ಟ್ ಇರುವ ಗೇರ್‌ಬಾಕ್ಸಿಗೆ ಹೊರಗಿನ ದೊಡ್ಡ ಬೇರಿಂಗೇ ಬೇಕು. ಒಳಗಿನದನ್ನು ಹಾಕಿದರೆ ಶಾಫ್ಟಿನ ತುದಿ ಅದನ್ನು ಮುಟ್ಟುವುದೇ ಇಲ್ಲ. ಆಗ ಶಾಫ್ಟ್ ಆಧಾರವಿಲ್ಲದೆ ತೊನೆಯುತ್ತದೆ, ಕ್ಲಚ್ ನಡುಗುತ್ತದೆ, ಮುಂದಿನ ಬೇರಿಂಗ್ ಊಳಿಡುತ್ತದೆ, ಕೊನೆಗೆ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ಹೋಗುತ್ತದೆ. ಆಟೊಮ್ಯಾಟಿಕ್ ಟ್ರಕ್ಕಿನಿಂದ ಬಂದ ಎಂಜಿನ್ನಿನಲ್ಲಿ ಪೈಲಟ್ ಬೇರಿಂಗ್ ಇರುವುದೇ ಇಲ್ಲ. ಅದನ್ನೂ ಫ್ಲೈವೀಲನ್ನೂ ಹೊಸದಾಗಿ ತರಬೇಕು.

ಆದ್ದರಿಂದ ಜೋಡಿಸುವ ಮೊದಲು ಅಳೆಯಿರಿ. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚುವ ಕವಚ) ಹಿಂಬದಿಯಿಂದ ಬೇರಿಂಗ್ ತನಕದ ಆಳ ಒಂದು, ಗೇರ್‌ಬಾಕ್ಸ್ ಮುಖದಿಂದ ಶಾಫ್ಟ್ ತುದಿಯ ತನಕದ ಉದ್ದ ಇನ್ನೊಂದು. ತುದಿಯ ನಯವಾದ ಭಾಗದ ಅರ್ಧಕ್ಕಿಂತ ಹೆಚ್ಚು ಬೇರಿಂಗ್ ಒಳಗೆ ಹೋಗಬೇಕು, ಆದರೆ ಕ್ರ್ಯಾಂಕಿನ ತಳಕ್ಕೆ ತಾಗಬಾರದು. ಜೋಡಿಸುವಾಗ ಗೇರ್‌ಬಾಕ್ಸ್ ಕೈಯ ನೂಕಿಗೇ ಪೂರ್ತಿ ಕೂರಬೇಕು. ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಲೇಬೇಡಿ. ಗೇರ್‌ಬಾಕ್ಸಿನ ಬೋಲ್ಟ್ ಕೂರುವ ಕಿವಿ ಒಡೆಯುತ್ತದೆ, ಇಲ್ಲವೇ ಕ್ರ್ಯಾಂಕಿನ ಥ್ರಸ್ಟ್ ಬೇರಿಂಗ್ ಹಾಳಾಗುತ್ತದೆ.

ಬೆಲ್ ಹೌಸಿಂಗ್ ನಡುರಂಧ್ರವನ್ನೂ ಡಯಲ್ ಗೇಜ್‌ನಿಂದ ಪರೀಕ್ಷಿಸಿ. ಗೇಜನ್ನು ಫ್ಲೈವೀಲ್‌ಗೆ ಹಿಡಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಸೂಜಿ ಒಟ್ಟು 0.13 ಮಿಲಿಮೀಟರ್ ಮೀರಿ ಓಡಾಡಬಾರದು. ಮೀರಿದರೆ ಬೆಲ್ ಹೌಸಿಂಗನ್ನು ತುಸು ಸರಿಸಿ ಕೂರಿಸುವ ಆಫ್‌ಸೆಟ್ ಡವೆಲ್ ಪಿನ್ ಹಾಕಬೇಕು. ಇಲ್ಲಿ ಹಲವರು ತಪ್ಪುತ್ತಾರೆ: ನಿಜವಾದ ವಾರೆ ಗೇಜ್ ತೋರಿಸಿದ್ದರ ಅರ್ಧ ಮಾತ್ರ. ಗೇಜ್ 0.36 ತೋರಿಸಿದರೆ 0.18ರ ಪಿನ್ ತನ್ನಿ.

ಕ್ಲಚ್ ಬಿಡಿಸುವ ಹೈಡ್ರಾಲಿಕ್ ರಿಲೀಸ್ ಬೇರಿಂಗಿಗೂ ಕ್ಲಚ್ಚಿನ ಬೆರಳುಗಳಿಗೂ ನಡುವೆ ಸುಮಾರು 4 ಮಿಲಿಮೀಟರ್ ಅಂತರ ಇಡಿ, ಬೇಕಾದರೆ ಶಿಮ್ (ತೆಳು ಬಿಲ್ಲೆ) ಹಾಕಿ. ಪ್ಲೇಟ್ ಸವೆದಂತೆ ಬೆರಳುಗಳು ಹಿಂದಕ್ಕೆ ಬರುತ್ತವೆ. ಅಂತರ ಕಡಿಮೆಯಿದ್ದರೆ ಬೇರಿಂಗಿಗೆ ಸರಿಯಲು ಜಾಗ ಸಿಗದೆ ಕ್ಲಚ್ ಜಾರಲು ತೊಡಗುತ್ತದೆ. ಹೆಚ್ಚಿದ್ದರೆ ಪಿಸ್ಟನ್ ಅತಿಯಾಗಿ ಹೊರಬಂದು ಸೀಲ್ ಕಿತ್ತುಹೋಗುತ್ತದೆ.

ಟಿ-56ಕ್ಕೆ ಡೆಕ್ಸ್‌ರಾನ್-3 ದರ್ಜೆಯ ಎಣ್ಣೆ, ಸುಮಾರು 3.8 ಲೀಟರ್. ಡಿಫರೆನ್ಷಿಯಲ್‌ಗೆ ಹಾಕುವ ದಪ್ಪ ಎಣ್ಣೆ ಇದಕ್ಕೆ ಬೇಡ. ಅದರ ರಿವರ್ಸ್ ತಡೆಯ ಸೊಲೆನಾಯ್ಡ್‌ಗೆ ವಿದ್ಯುತ್ ಕೊಡುವುದನ್ನು ಮರೆತರೆ ರಿವರ್ಸ್ ಹಾಕಲು ಭುಜದ ಬಲ ಬೇಕಾಗುತ್ತದೆ. ಎಂಜಿನ್ ಕಂಪ್ಯೂಟರನ್ನೂ ಮ್ಯಾನ್ಯುಯಲ್‌ಗೆ ತಕ್ಕಂತೆ ಮತ್ತೆ ಪ್ರೋಗ್ರಾಂ ಮಾಡಿಸಿ. ಪ್ರೊಪೆಲ್ಲರ್ ಶಾಫ್ಟಿನ ಅಳತೆ ತೆಗೆಯುವುದು ಕಟ್ಟಕಡೆಗೆ: ಕಾರು ತನ್ನ ಪೂರ್ತಿ ಭಾರದೊಂದಿಗೆ ಚಕ್ರಗಳ ಮೇಲೆ ನಿಂತಿರಬೇಕು, ಸ್ಲಿಪ್ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ಮುಂತುದಿ) ಪೂರ್ತಿ ಒಳಹೋದ ಸ್ಥಾನದಿಂದ ಎರಡು, ಎರಡೂವರೆ ಸೆಂಟಿಮೀಟರ್ ಹೊರಗಿರಬೇಕು, ಎರಡೂ ತುದಿಯ ಕ್ರಾಸ್‌ಗಳ ಕೋನ ಒಂದರಿಂದ ಮೂರು ಡಿಗ್ರಿಯೊಳಗೆ ಪರಸ್ಪರ ಸಮವಾಗಿರಬೇಕು.