ಹನ್ನೊಂದನೇ ನಂಬರಿನ ಕೃಷ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಮಿಕ್ಸ್ ಚರಿತ್ರೆಯಲ್ಲಿ ದೊಡ್ಡ ವರ್ಷ ಯಾವುದು ಅಂತ ಅಮೆರಿಕದವರನ್ನು ಕೇಳಿ ನೋಡಿ. 1938 ಅನ್ನುತ್ತಾರೆ. ಆ ವರ್ಷ ಸೂಪರ್‌ಮ್ಯಾನ್ ಬಂದ. ಅವನನ್ನು ಹುಟ್ಟಿಸಿದವರು ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಪಾಪ, 130 ಡಾಲರಿಗೆ ಹಕ್ಕನ್ನೆಲ್ಲ ಬರೆದುಕೊಟ್ಟುಬಿಟ್ಟರು. ಸೂಪರ್‌ಮ್ಯಾನ್ ಮೊದಲು ಬಂದ ಪುಸ್ತಕದ ಬೆಲೆ ಆಗ 10 ಸೆಂಟ್. ಅದರದ್ದೇ ಒಂದು ಹಳೇ ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು.

ಇನ್ನು ದಿಲ್ಲಿ, ಮುಂಬೈ ಕಡೆಯವರನ್ನು ಕೇಳಿದರೆ 1967 ಅನ್ನುತ್ತಾರೆ. ಅಮರ ಚಿತ್ರ ಕಥೆ ಹುಟ್ಟಿದ್ದು ಆ ವರ್ಷ ಅನ್ನೋದು ಅವರ ಲೆಕ್ಕ. ನಾನು ಮಾತ್ರ 1965 ಅಂತ ವಾದ ಮಾಡೋಕೆ ಬಂದಿದ್ದೇನೆ. ನಮ್ಮ ತೀರ್ಥಹಳ್ಳಿ ಕಡೆಯವರಿಗೆ ವಾದ ಅಂದರೆ ಮೊದಲಿಂದಲೂ ಸ್ವಲ್ಪ ಪ್ರೀತಿ ಜಾಸ್ತಿ. ಬೇಸರ ಮಾಡಿಕೊಳ್ಳದೆ ಕೇಳಿ.

ಮೊದಲು 1967ರ ಕಥೆ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಮುಂದೆ ಅಮರ ಚಿತ್ರ ಕಥೆ ಸರಣಿಯ ಸಂಪಾದಕರಾದ ಅನಂತ ಪೈ ಆ ವರ್ಷ ಫೆಬ್ರವರಿಯಲ್ಲಿ ದಿಲ್ಲಿಗೆ ಹೋಗಿದ್ದರು. ಟೀವಿ ಅನ್ನೋದು ಆಗ ದೇಶದಲ್ಲಿ ಇದ್ದದ್ದೇ ದಿಲ್ಲಿಯಲ್ಲಿ ಮಾತ್ರ. ಮುಂಬೈಗೆ ಬಂದದ್ದು ಕೂಡ 1972ರಲ್ಲಿ. ದಿಲ್ಲಿಯ ಒಂದು ಅಂಗಡಿಯ ಟೀವಿಯಲ್ಲಿ ಮಕ್ಕಳ ಕ್ವಿಜ್ ನಡೀತಾ ಇತ್ತು. ಗ್ರೀಕ್ ದೇವರ ಬಗ್ಗೆ ಕೇಳಿದರೆ ಮಕ್ಕಳು ಪಟಪಟ ಅಂತ ಉತ್ತರ ಹೇಳಿದರು. ರಾಮನ ತಾಯಿ ಯಾರು ಅಂತ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಇದು ಪೈ ಅವರ ಮನಸ್ಸಿಗೆ ನಾಟಿತು. ನಮ್ಮ ಮಕ್ಕಳಿಗೆ ನಮ್ಮ ಕಥೆಗಳನ್ನು ಚಿತ್ರದಲ್ಲಿ ಹೇಳಬೇಕು ಅಂತ ಹೊರಟರು. ಇಂಡಿಯಾ ಬುಕ್ ಹೌಸ್ ಪ್ರಕಾಶನದ ಮೀರಚಂದಾನಿಯವರು ಹಣ ಹಾಕಲು ಒಪ್ಪಿದರು. ಆ ಸರಣಿಯ ಮೊದಲ ಪುರಾಣ ಪುಸ್ತಕ 'ಕೃಷ್ಣ'. ಚಿತ್ರ ಬರೆದವರು ರಾಮ್ ವಾಯೀರ್ಕರ್. ಮುಂದೆ ಟಿಂಕಲ್ ಅನ್ನೋ ಮಕ್ಕಳ ಪತ್ರಿಕೆಯ ಸುಪ್ಪಾಂಡಿಗೆ ಆ ಮೊಟ್ಟೆ ತಲೆ ಕೊಟ್ಟವರೂ ಇವರೇ.

ಎಲ್ಲ ಸರಿ. ಒಂದು ವಿಷಯ ಮಾತ್ರ ತಾಳೆ ಆಗೋದಿಲ್ಲ. 'ಕೃಷ್ಣ' ಆ ಸರಣಿಯ ಮೊದಲ ಪುಸ್ತಕ ಅನ್ನುತ್ತೀರಲ್ಲ, ಹಾಗಾದರೆ ಅದರ ಹಳೇ ಪ್ರತಿಯ ಮೇಲೆ ನಂಬರ್ 11 ಅಂತ ಯಾಕೆ ಇದೆ? ಒಂದರಿಂದ ಹತ್ತು ಎಲ್ಲಿ ಹೋದವು?

ಅವು ಕನ್ನಡದಲ್ಲಿದ್ದವು.

ಬೆಂಗಳೂರಿನಲ್ಲಿ ಅದೇ ಇಂಡಿಯಾ ಬುಕ್ ಹೌಸ್ ಕೆಲಸ ನೋಡಿಕೊಳ್ಳುತ್ತಿದ್ದವರು ಜಿ.ಕೆ. ಅನಂತರಾಮ್. ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ತರೋಣ ಅನ್ನೋ ಯೋಚನೆ ಅವರದ್ದು. ಅವರೇ ಹೇಳಿಕೊಂಡ ಪ್ರಕಾರ ಆ ಪುಸ್ತಕಗಳು ಬಂದದ್ದು 1965ರಲ್ಲಿ. ಅಂದರೆ ದಿಲ್ಲಿಯ ಆ ಕ್ವಿಜ್‌ಗಿಂತ ಎರಡು ವರ್ಷ ಮೊದಲು. ಚೆನ್ನಾಗಿ ಖರ್ಚಾದವು. ಅದನ್ನು ಕಂಡ ಮೇಲೆಯೇ ಮುಂಬೈಯ ಹೆಡ್ ಆಫೀಸಿಗೆ ಇದರಲ್ಲಿ ವ್ಯಾಪಾರ ಇದೆ ಅಂತ ಧೈರ್ಯ ಬಂದದ್ದು. ಇಂಗ್ಲಿಷಿನ ಸರಣಿ ಹನ್ನೊಂದರಿಂದ ಶುರುವಾಯಿತು, ಯಾಕೆಂದರೆ ಮೊದಲ ಹತ್ತು ನಮ್ಮವು. ಈ ಮಾತನ್ನು ಅನಂತರಾಮ್ ತುಂಬ ಸಂತೋಷದಿಂದ ಹೇಳಿಕೊಂಡಿದ್ದಾರೆ. ಇರಬೇಕಾದ್ದೇ.

ಇನ್ನೊಂದು ಮಜಾ ಇದೆ. ಆ ಹತ್ತು ಪುಸ್ತಕಗಳಲ್ಲಿ ರಾಮನೂ ಇರಲಿಲ್ಲ, ಕೃಷ್ಣನೂ ಇರಲಿಲ್ಲ. ಇದ್ದವರು ಸಿಂಡ್ರೆಲ್ಲಾ, ಸ್ನೋವೈಟ್, ಪಿನೋಕಿಯೋ, ಅಲ್ಲಾವುದ್ದೀನ್, ಹುರುಳಿ ಬಳ್ಳಿ ಹತ್ತಿ ಆಕಾಶಕ್ಕೆ ಹೋದ ಜ್ಯಾಕ್. ಭಾರತದ ಪುರಾಣ ಉಳಿಸಿದ ಪುಸ್ತಕ ಅಂತ ಹೆಸರಾದ ಸರಣಿ, ಶುರುವಿನಲ್ಲಿ ಗಾಜಿನ ಚಪ್ಪಲಿ ಹಾಕಿಕೊಂಡು ಬಂದಿತ್ತು. ಚಿತ್ರ ಹೊರಗಿನದು, ಮಾತು ಕನ್ನಡದ್ದು.

ಇದನ್ನು ಕೇಳಿ ಕೆಲವರು ನಗುತ್ತಾರೆ. ಕನ್ನಡದವರು ಪರದೇಶದ ಕಥೆ ಹಿಡಿದುಕೊಂಡು ಕೂತಿದ್ದರು, ಪೈ ಬಂದು ಕಣ್ಣು ತೆರೆಸಿದರು ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ನನ್ನ ವಾದ ಇರುವುದೇ ಇಲ್ಲಿ.

ದಿಲ್ಲಿಯ ಆ ಪ್ರಶ್ನೆಯನ್ನು 1967ರಲ್ಲಿ ನಮ್ಮ ಹೊಸನಗರದ ಒಂದು ಶಾಲೆಯಲ್ಲಿ ಕೇಳಿದ್ದರೆ ಏನಾಗುತ್ತಿತ್ತು? ರಾಮನ ತಾಯಿ ಕೌಸಲ್ಯೆ ಅಂತ ಇಡೀ ತರಗತಿ ಒಟ್ಟಿಗೆ ಕೂಗುತ್ತಿತ್ತು. ಹಿಂದಿನ ಬೆಂಚಿನವನು ಎದ್ದು, ಕೈಕೇಯಿ ಎರಡು ವರ ಕೇಳಿದ್ದು ಸರಿಯೋ ತಪ್ಪೋ ಅಂತ ಅರ್ಥವನ್ನೂ ಹೇಳುತ್ತಿದ್ದ. ಯಾಕೆಂದರೆ ಬೇಸಗೆಯಲ್ಲಿ ಯಕ್ಷಗಾನದ ಮೇಳ ಬರುತ್ತಿತ್ತು. ಮಳೆಗಾಲದಲ್ಲಿ ಬಯಲಾಟ ಇಲ್ಲದಿದ್ದರೆ ಯಾರದೋ ಮನೆ ಜಗಲಿಯಲ್ಲಿ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಕೃಷ್ಣ ಸಂಧಾನಕ್ಕೆ ಬಂದ ಅಂದರೆ ಬೆಳಗಿನ ಜಾವದ ತನಕ ಸಂಧಾನ ಮುಗಿಯುತ್ತಿರಲಿಲ್ಲ. ಮಕ್ಕಳು ಅಲ್ಲೇ ಕಂಬಕ್ಕೆ ಒರಗಿ ನಿದ್ದೆ ಹೊಡೆಯುತ್ತಾ, ಮಧ್ಯೆ ಎಚ್ಚರ ಆದಾಗ ಕೇಳುತ್ತಾ ದೊಡ್ಡವರಾದರು. ಶಿವಮೊಗ್ಗದ ಪಕ್ಕದಲ್ಲೇ ತುಂಗೆಯ ದಡದ ಹೊಸಹಳ್ಳಿ ಇದೆಯಲ್ಲ, ಅಲ್ಲಿ ಗಮಕ. ಕುಮಾರವ್ಯಾಸನನ್ನು ಹಾಡಿ ಅರ್ಥ ಹೇಳುವ ಊರು ಅದು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಇಂಥಾ ಕಡೆ ಹುಟ್ಟಿದ ಮಗುವಿಗೆ ಕೃಷ್ಣ ಮನೆಯವನು. ಅವನನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಅದಕ್ಕೆ ಬೇಕಾಗಿದ್ದದ್ದು ಸಿಂಡ್ರೆಲ್ಲಾ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯ ಹಾಗೇ ಜ್ಯಾಕ್‌ನ ಬಳ್ಳಿಯೂ ಏರಿದೆ ಅಂದುಕೊಂಡರೆ, ಇದರ ತುದಿಯಲ್ಲಿ ರಾಕ್ಷಸನ ಮನೆಯೇ ಇದೆಯಲ್ಲ! ಎಂಥಾ ಖುಷಿ ಅದು. ಪುರಾಣ ಮರೆತ ದೊಡ್ಡ ಶಹರಕ್ಕೆ ಕೃಷ್ಣ ಹೊಸಬನಾದ. ಪುರಾಣದಲ್ಲೇ ಮುಳುಗಿದ್ದ ಊರುಗಳಿಗೆ ಸಿಂಡ್ರೆಲ್ಲಾ ಹೊಸಬಳು. ಎರಡು ಕಡೆಯ ಮಕ್ಕಳೂ ಕೇಳಿದ್ದು ಹೊಸಬರನ್ನೇ.

ಹೊರಗಿನ ಕಥೆಯನ್ನು ಹೀಗೆ ಒಳಗೆ ಕರೆದುಕೊಳ್ಳುವುದು ನಮಗೆ ಹೊಸತೂ ಅಲ್ಲ. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳನ್ನು ಕುಪ್ಪಳಿಯ ಕುವೆಂಪು ಬೊಮ್ಮನಹಳ್ಳಿಗೆ ತಂದರು. ಬ್ರೌನಿಂಗ್ ಕವಿಯ ಪದ್ಯ ಅದು ಅಂತ ಕಿಂದರಿಜೋಗಿ ಹಾಡುವ ಯಾವ ಮಗುವಿಗೂ ಅನ್ನಿಸುವುದಿಲ್ಲ. ಅಲ್ವಾ?

ಪೈ ಅವರ ಬಗ್ಗೆ ನನಗೆ ತಕರಾರಿಲ್ಲ. ಅವರು ಕೂಡ ಏನು ದೂರದವರೇ? ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿದರೆ ಕಾರ್ಕಳ. ಅಲ್ಲಿ 1929ರಲ್ಲಿ ಹುಟ್ಟಿದವರು. ಎರಡು ವರ್ಷಕ್ಕೇ ಅಪ್ಪ ಅಮ್ಮನನ್ನು ಕಳೆದುಕೊಂಡರು. ಹನ್ನೆರಡನೇ ವಯಸ್ಸಿಗೆ ಮುಂಬೈಗೆ ಹೋದರು. ಓದಿದ್ದು ಕೆಮಿಕಲ್ ಟೆಕ್ನಾಲಜಿ, ಮನಸ್ಸೆಲ್ಲ ಮಕ್ಕಳ ಪುಸ್ತಕದಲ್ಲಿ. 1954ರಲ್ಲಿ 'ಮಾನವ' ಅಂತ ಮಕ್ಕಳ ಪತ್ರಿಕೆ ಮಾಡಿ ಕೈ ಸುಟ್ಟುಕೊಂಡರು. ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸೇರಿದರು. ಅಲ್ಲಿದ್ದಾಗಲೇ 1964ರ ಮಾರ್ಚಿನಲ್ಲಿ ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು. ಫ್ಯಾಂಟಮ್, ಮಾಂಡ್ರೇಕ್ ನಮ್ಮ ಹುಡುಗರ ಬಾಯಲ್ಲಿ ಓಡಾಡಿದ್ದು ಅದರ ದೆಸೆಯಿಂದ. ಕನ್ನಡದಲ್ಲೂ ಇಂದ್ರಜಾಲ ಬಂತು. 1990ರಲ್ಲಿ ನಿಂತುಹೋಯಿತು.

ಮಲೆನಾಡಿನ ಮನೆಗಳಲ್ಲಿ ಫ್ಯಾಂಟಮ್ಮನಿಗೂ ಕೃಷ್ಣನಿಗೂ ಒಂದೇ ಮರ್ಯಾದೆ ಇರಲಿಲ್ಲ. ಫ್ಯಾಂಟಮ್ ಸಮಾಜ ಪುಸ್ತಕದ ಒಳಗೆ ಅಡಗಿ ಕೂರಬೇಕಿತ್ತು. ಸಿಕ್ಕಿಬಿದ್ದರೆ "ಬೊಂಬೆ ಪುಸ್ತಕ ಓದಿದ್ರೆ ಪರೀಕ್ಷೆಲಿ ಮಾರ್ಕ್ಸ್ ಬರುತ್ತೇನೋ?" ಅಂತ ಬೈಗುಳ. ಅಮರ ಚಿತ್ರ ಕಥೆ ಆದರೆ ಎದುರಿಗೇ ಕೂತು ಓದಬಹುದು. ದೇವರ ಪುಸ್ತಕ, ಬೈಯುವ ಹಾಗಿಲ್ಲ! ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದರೆ, ಓದಲು ಬರುವ ಮಗುವನ್ನು ದೀಪದ ಹತ್ತಿರ ಕೂರಿಸಿ "ಜೋರಾಗಿ ಓದೋ, ನಮಗೂ ಕೇಳಲಿ" ಅನ್ನುತ್ತಿದ್ದರು. ಚಿತ್ರ ಕಾಣದವರಿಗೆ ಮಗು ಚಿತ್ರವನ್ನೂ ಮಾತಿನಲ್ಲಿ ಹೇಳಬೇಕು. ಕಂಸ ಹೇಗಿದ್ದಾನೆ? ದೊಡ್ಡ ಮೀಸೆ. ಅಷ್ಟೇನಾ? ಕಿರೀಟವೂ ಇದೆ. ಮೇಳದ ಕಂಸನನ್ನು ನೋಡಿದ ಅಜ್ಜಿಗೆ ಈ ಕಂಸ ಸಪ್ಪೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಸಪ್ಪೆ ಅಂದೆ. ಅದಕ್ಕೂ ಒಂದು ಹಿನ್ನೆಲೆ ಇದೆ. ಪೈ ವಿಜ್ಞಾನ ಓದಿದವರು. ಮೊದಲ 'ಕೃಷ್ಣ'ದಲ್ಲಿ ಪವಾಡಗಳನ್ನು ಆದಷ್ಟು ಕಡಿಮೆ ಮಾಡಿದ್ದರು. ಕಿರುಬೆರಳಲ್ಲಿ ಗೋವರ್ಧನ ಎತ್ತುವ ಚಿತ್ರವನ್ನೇ ಬಿಟ್ಟಿದ್ದರು. ಓದುಗರು ಸುಮ್ನೆ ಇರಲಿಲ್ಲ, ಪತ್ರ ಬರೆದು ಕೇಳಿದರು. ಆಮೇಲಿನ ಆವೃತ್ತಿಯಲ್ಲಿ ಬೆಟ್ಟ ಬಂತು, ಕೃಷ್ಣ ಎತ್ತಿದ. ನನಗೆ ಇದು ಬಹಳ ಇಷ್ಟವಾದ ಸಂಗತಿ. ಗೋವರ್ಧನ ಬಿಟ್ಟು ಕೃಷ್ಣನ ಪ್ರಸಂಗ ಮುಗಿಸಿದರೆ ನಮ್ಮಲ್ಲಿ ಭಾಗವತರನ್ನು ಊಟಕ್ಕೇ ಎಬ್ಬಿಸುತ್ತಿರಲಿಲ್ಲ.

ಕನ್ನಡದಲ್ಲಿ ಕಾಮಿಕ್ಸ್ ಮಾಡುವವರಿಗೆ ಒಂದು ಕಷ್ಟ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ಮಾತು ಬರೆಯುವ ಬಲೂನು ಇದೆಯಲ್ಲ, ಅದನ್ನು ಇಂಗ್ಲಿಷಿನ ಅಳತೆಗೆ ಬರೆದಿರುತ್ತಾರೆ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬರುತ್ತದೆ, ಮೇಲೆ ಗುಡಿಸು ಬರುತ್ತದೆ. ಸಾಲು ಸಾಲಿನ ಮಧ್ಯೆ ಜಾಗ ಬೇಕು. ಬಲೂನು ಮಾತ್ರ ಅಷ್ಟೇ. ಹಾಗಾಗಿ ಒಂದೋ ಅಕ್ಷರ ಸಣ್ಣ ಮಾಡಬೇಕು, ಇಲ್ಲವೇ ಮಾತು ಕತ್ತರಿಸಬೇಕು. ಕತ್ತರಿಸಿದ್ದೇ ಒಳ್ಳೆಯದಾಯಿತು ಅನ್ನಬೇಕು. ಕನ್ನಡದ ಮಕ್ಕಳಿಗೆ ಚಿಕ್ಕ ಚಿಕ್ಕ ವಾಕ್ಯದ ರುಚಿ ಸಿಕ್ಕಿತು.

1965 ಇನ್ನೊಂದು ಕಾರಣಕ್ಕೂ ಕನ್ನಡಕ್ಕೆ ಒಳ್ಳೇ ವರ್ಷ. ಸುಧಾ ವಾರಪತ್ರಿಕೆ ಶುರುವಾದದ್ದೂ ಅದೇ ವರ್ಷ. ಚಂದಮಾಮ ಅದಕ್ಕೂ ಮುಂಚೆ, 1949ರಿಂದಲೇ ಕನ್ನಡದಲ್ಲಿ ಇತ್ತು. ಓದುವ ಮನೆಗಳು ಹೆಚ್ಚಾಗುತ್ತಿದ್ದ ಕಾಲ. ಅನಂತರಾಮ್ ಅವರ ಹತ್ತು ಪುಸ್ತಕ ಖರ್ಚಾದದ್ದು ಆ ಗಾಳಿಯಲ್ಲಿ. ಒಬ್ಬರ ಜಾಣತನದಿಂದ ಮಾತ್ರ ಅಲ್ಲ.

ಆದರೆ ಇವತ್ತು ಅಂಗಡಿಗೆ ಹೋಗಿ 'ಕೃಷ್ಣ' ಕೇಳಿದರೆ ಅದರ ಮೇಲೆ ಹನ್ನೊಂದು ಇರುವುದಿಲ್ಲ. ಮರುಮುದ್ರಣ ಮಾಡುವಾಗ ಹೊಸದಾಗಿ ಎಣಿಸಿದರು. ಈಗ ಕೃಷ್ಣನ ನಂಬರ್ 501. ಹೊಸ ಪುಸ್ತಕ ಹಿಡಿದವರಿಗೆ ಮೊದಲ ಹತ್ತು ಎಲ್ಲಿ ಅಂತ ಕೇಳಬೇಕು ಅಂತ ಕೂಡ ಹೊಳೆಯುವುದಿಲ್ಲ. ಕನ್ನಡದ ಪಾಲು ಹೀಗೆ ಸದ್ದಿಲ್ಲದೆ ಲೆಕ್ಕದಿಂದ ಹೊರಗೆ ಹೋಯಿತು. ಯಾರೂ ಬೇಕು ಅಂತ ಮಾಡಿದ್ದಲ್ಲ, ಆದರೂ ಹೋಯಿತು.

ಅದಕ್ಕೇ ಕೊನೆಗೆ ಒಂದು ಕೋರಿಕೆ. ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಟ್ರಂಕುಗಳಿರುತ್ತವೆ. ಮನೆ ಕೆಡವಿ ಹೊಸತು ಕಟ್ಟುವಾಗ ಅವೆಲ್ಲ ಒಟ್ಟಿಗೆ ರದ್ದಿಗೆ ಹೋಗುತ್ತಿವೆ. ಕೊಡುವ ಮೊದಲು ಒಮ್ಮೆ ತೆಗೆದು ನೋಡಿ. ಕನ್ನಡದ ಸಿಂಡ್ರೆಲ್ಲಾ, ಕನ್ನಡದ ಪಿನೋಕಿಯೋ, ಮೇಲೆ ಅಮರ ಚಿತ್ರ ಕಥೆ ಅಂತ ಹೆಸರು ಕಂಡರೆ ಬೇರೆ ಇಡಿ. ನಮ್ಮ ಮಳೆಗೆ ಕಾಗದ ಬೂಸ್ಟು ಹಿಡಿದಿರುತ್ತದೆ. ಬಿಸಿಲಿಗೆ ಹಾಕಬೇಡಿ, ಬಣ್ಣ ಹಾರುತ್ತದೆ. ಮಳೆ ಬಿಟ್ಟ ಮೇಲೆ ನೆರಳಲ್ಲಿ ಗಾಳಿಗೆ ಹರವಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ, ಕಾಗದದ ಲಕೋಟೆ ವಾಸಿ. ಹರಿದಿದ್ದರೆ ಹರಿದೇ ಇರಲಿ, ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ. ನಾಲ್ಕು ವರ್ಷಕ್ಕೆ ಅದು ಹಳದಿಯಾಗಿ, ಚಿತ್ರವನ್ನೂ ಕಿತ್ತುಕೊಂಡೇ ಬರುತ್ತದೆ.

ನಮಸ್ಕಾರ.