ಹೋದ ಕರೆಂಟು ವಾಪಸ್ ಬರ್ಬೇಕಲ್ಲ ಮಾರಾಯ್ರೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಹಳೆ ಕಾರು ಇಟ್ಟುಕೊಂಡವರಿಗೆ. ಹಳೆದು ಅಂದ್ರೆ ಒರೆಸಿ ಪಾಲಿಶ್ ಮಾಡಿ ಪ್ರದರ್ಶನಕ್ಕೆ ಇಡುವಂಥದ್ದಲ್ಲ, ನಮ್ಮ ಉಡುಪಿ ಮಂಗಳೂರು ಕಡೆ ಇವತ್ತಿಗೂ ತೆಂಗಿನಕಾಯಿ ಗೋಣಿ, ಗ್ಯಾಸ್ ಸಿಲಿಂಡರ್, ಮನೆಯ ಅಜ್ಜಿ ಎಲ್ಲ ಹೊತ್ತುಕೊಂಡು ಓಡ್ತಾ ಇರುವ ಕಾರುಗಳು. ಮಾರುತಿ 800 ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ, ಅಂಬಾಸಿಡರ್ ಸಹ ಅದೇ 2014ಕ್ಕೆ ನಿಂತಿತು, ಹಾಗಾಗಿ ಇವುಗಳಲ್ಲಿ ಕೊನೆಗೆ ಬಂದ ಗಾಡಿಗೂ ಈಗ ಹತ್ತು ವರ್ಷ ದಾಟಿ ಆಯ್ತು. ಎಂಜಿನ್ ಗಟ್ಟಿ ಉಂಟು, ಗೇರ್ ಬಾಕ್ಸ್ ಪರವಾಗಿಲ್ಲ, ಆದ್ರೆ ವಯರಿಂಗ್ ಮಾತ್ರ ಒಂದೊಂದು ದಿನ ಒಂದೊಂದು ನಾಟಕ. ಬ್ರೇಕ್ ಒತ್ತಿದ್ರೆ ಡ್ಯಾಶ್‌ಬೋರ್ಡಿನ ಲೈಟ್ ಮಿಣ್ಣಗೆ ಹೊತ್ತಿಕೊಳ್ತದೆ, ಕೀ ಹಾಕದೆ ಇದ್ರೂ. ಹೆಡ್‌ಲೈಟ್ ಹಾಕಿದ ಕೂಡ್ಲೆ ಟೆಂಪರೇಚರ್ ಮುಳ್ಳು ಮೇಲೆ ಹೋಗ್ತದೆ. ಬಿಸಿಲಿಗೆ ಹೊಡೆಯುವ ಹಾರ್ನ್ ಮಳೆ ಬಂದ ದಿನ ಮೂಕ. ಬ್ಯಾಟರಿ ಬದಲು ಮಾಡಿ, ಬಲ್ಬ್ ಬದಲು ಮಾಡಿ, ಫ್ಲಾಶರ್ ಬದಲು ಮಾಡಿ, ಕೊನೆಗೆ ಜ್ಯೋತಿಷ್ಯ ಹೇಳುವ ಬಲ್ಯಾಯರ ಹತ್ರ ಹೋಗಿ ಪ್ರಶ್ನೆ ಇಡುವುದೊಂದು ಬಾಕಿ.

ನಾನು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ, ಇಂಥ ತಲೆಬುಡ ಗೊತ್ತಾಗದ ತೊಂದರೆ ಬಂದಾಗ ಎಲ್ರೂ ಕರೆಂಟು ಹೋಗುವ ದಾರಿ ನೋಡ್ತಾರೆ, ಫ್ಯೂಸ್ ಸರಿ ಉಂಟಾ, ಸ್ವಿಚ್ ಸರಿ ಉಂಟಾ, ಬಲ್ಬಿಗೆ ಸಪ್ಲೈ ಬರ್ತದಾ ಅಂತ. ಬಂದ ಕರೆಂಟು ವಾಪಸ್ ಹೋಗುವ ದಾರಿ ಯಾರೂ ನೋಡುವುದಿಲ್ಲ. ಹೆಚ್ಚಿನ ಸರ್ತಿ ತೊಂದರೆ ಕೂತಿರುವುದು ಅಲ್ಲೇ.

ಕಾರಿನಲ್ಲಿ ಪ್ರತಿ ಬಲ್ಬಿನಿಂದ ಎರಡು ವಯರ್ ಬ್ಯಾಟರಿವರೆಗೆ ಎಳೆದಿರುವುದಿಲ್ಲ. ಪಾಸಿಟಿವ್ ಒಂದು ವಯರಿನಲ್ಲಿ ಹೋಗ್ತದೆ, ವಾಪಸ್ ಬರ್ಲಿಕ್ಕೆ ಕಾರಿನ ಬಾಡಿಯ ತಗಡೇ ದಾರಿ. ಲೈಟಿನ ಹತ್ರ ಒಂದು ಗಿಡ್ಡ ಕಪ್ಪು ವಯರನ್ನು ಬಾಡಿಗೆ ಸ್ಕ್ರೂ ಹಾಕಿ ಬಿಟ್ಟಿರ್ತಾರೆ, ಬ್ಯಾಟರಿಯ ನೆಗೆಟಿವ್‌ನಿಂದ ಒಂದು ದಪ್ಪ ವಯರ್ ಬಾಡಿಗೆ ಬರ್ತದೆ, ಬಾಡಿಯಿಂದ ಇನ್ನೊಂದು ಎಂಜಿನ್‌ಗೆ. ಗ್ಯಾರೇಜಿನವರು ಬಾಡಿ ಅರ್ಥ್ ಅನ್ನುವುದು ಇದಕ್ಕೇ. ಈಗ ಆ ಬ್ರೇಕಿನ ಕತೆ ನೋಡಿ. ಹಿಂದಿನ ಲೈಟಿನಲ್ಲಿ ಒಂದೇ ಬಲ್ಬಿನ ಒಳಗೆ ಎರಡು ಫಿಲಮೆಂಟ್, 21 ವ್ಯಾಟಿನದ್ದು ಬ್ರೇಕಿಗೆ, 5 ವ್ಯಾಟಿನದ್ದು ಪಾರ್ಕಿಂಗ್ ಲೈಟಿಗೆ, ಎರಡಕ್ಕೂ ಅರ್ಥ್ ಒಂದೇ. ಆ ಸ್ಕ್ರೂ ತುಕ್ಕು ಹಿಡೀತು ಅಂತ ಇಟ್ಕೊಳ್ಳಿ. ತೋಟದ ತೋಡಿಗೆ ಸೋಗೆ ಬಿದ್ದು ಕಟ್ಟಿದ್ರೆ ನೀರು ನಿಲ್ತದಾ, ಇಲ್ಲ, ಪಕ್ಕದವರ ಗದ್ದೆಗೆ ನುಗ್ತದೆ. ಇಲ್ಲಿಯೂ ಹಾಗೆಯೇ, ಬ್ರೇಕಿನ ಕರೆಂಟು ಆ 5 ವ್ಯಾಟಿನ ಫಿಲಮೆಂಟ್ ಒಳಗೆ ಉಲ್ಟಾ ನುಗ್ಗಿ, ಪಾರ್ಕಿಂಗ್ ಲೈಟಿನ ವಯರ್ ಹಿಡ್ಕೊಂಡು ಮುಂದೆ ಹೋಗಿ, ಡ್ಯಾಶ್‌ಬೋರ್ಡಿನ ಬಲ್ಬು, ನಂಬರ್ ಪ್ಲೇಟಿನ ಬಲ್ಬು ಎಲ್ಲಿ ಒಳ್ಳೆ ಅರ್ಥ್ ಸಿಗ್ತದೋ ಅಲ್ಲಿ ಇಳೀತದೆ, ಇಳಿಯುವಾಗ ಅವುಗಳನ್ನು ಮಿಣ್ಣಗೆ ಹೊತ್ತಿಸ್ತದೆ. ಸ್ವಿಚ್ ಹಾಳಾಗಿಲ್ಲ, ಬಲ್ಬ್ ಹಾಳಾಗಿಲ್ಲ, ಡ್ಯಾಶ್‌ಬೋರ್ಡ್ ಬಿಚ್ಚುವ ಅಗತ್ಯವೇ ಇಲ್ಲ. ಡಿಕ್ಕಿ ತೆಗೆದು ಒಂದು ಸ್ಕ್ರೂ ಉಜ್ಜಿದ್ರೆ ಮುಗೀತು.

ನಮ್ಮ ಊರಿನಲ್ಲಿ ಇದು ಜಾಸ್ತಿ ಯಾಕೆ ಅಂದ್ರೆ, ಕಾರಣ ಕಣ್ಣೆದುರೇ ಉಂಟಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಮೇಲೆ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿನಿಂದ ಸೆಪ್ಟೆಂಬರ್ ಒಳಗೆ. ಅದಲ್ಲದೆ ಸಮುದ್ರದ ಗಾಳಿ. ಉಪ್ಪು ತಾನಾಗಿ ತೇವ ಎಳ್ಕೊಳ್ತದೆ, ಮಳೆ ಇಲ್ಲದ ದಿನವೂ ತಗಡಿನ ಮೇಲೆ ಒಂದು ಪಸೆ ಇದ್ದೇ ಇರ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದ ಹತ್ರ ಮನೆ ಇದ್ದವರ ಗೇಟಿನ ಕೊಂಡಿ ನೋಡಿದ್ರೆ ಗೊತ್ತಾಗ್ತದೆ. ಇನ್ನು ಹೈವೇಯಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಬಿದ್ರೆ ಕೇಳುವುದೇ ಬೇಡ, ಐಸ್ ಕರಗಿದ ಉಪ್ಪು ನೀರಿನ ಅಭಿಷೇಕ ನೇರ ನಮ್ಮ ಬಾನೆಟ್ಟಿಗೆ. ತಗಡಿಗೆ ತುಕ್ಕು, ತಾಮ್ರಕ್ಕೆ ಕಿಲುಬು. ಈ ಕಿಲುಬು ತುದಿಯಲ್ಲೇ ನಿಲ್ಲುವುದಿಲ್ಲ, ನೀರು ಪ್ಲಾಸ್ಟಿಕ್ ಹೊದಿಕೆಯ ಒಳಗೆ ಎಳೆಗಳ ಸಂದಿಯಲ್ಲಿ ಹತ್ತಿಕೊಂಡು ಹೋಗಿ ತಾಮ್ರ ಒಳಗೊಳಗೇ ಕಪ್ಪಾಗ್ತದೆ. ಹೊರಗಿಂದ ವಯರ್ ಹೊಸದರ ಹಾಗೆ ಕಾಣ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ, ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ತುಂಡು ಸೇರಿಸ್ಬೇಕು, ಬೇರೆ ದಾರಿ ಇಲ್ಲ.

ನಮ್ಮ ಪಕ್ಕದ ಮನೆ ಮಾಸ್ಟ್ರದ್ದು ಒಂದು ಹಳೆ ಪೆಟ್ರೋಲ್ ಗಾಡಿ ಉಂಟು. ಬೆಳಿಗ್ಗೆ ಸೆಲ್ಫ್, ಅಂದ್ರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್, ಹೊಡೆದ್ರೆ ಬರೀ ಕಟಕ್ ಅಂತ ಶಬ್ದ. ಬ್ಯಾಟರಿ ಹೊಸದು, ಸೆಲ್ಫ್ ಬಿಚ್ಚಿ ಬ್ರಷ್ ಹಾಕಿ ಆಗಿತ್ತು, ಹೆಡ್‌ಲೈಟ್ ಹಾಕಿದ್ರೆ ಫಳಫಳ ಉರೀತದೆ. ಮಾಸ್ಟ್ರಿಗೆ ಭಯಂಕರ ಬೇಜಾರು. ಒಂದು ಸಣ್ಣ ಸುಳಿವು ಸಿಕ್ಕಿದ್ದು ಅವರ ಹೆಂಡತಿಯ ಬಾಯಿಂದ, "ಸ್ಟಾರ್ಟ್ ಮಾಡ್ಲಿಕ್ಕೆ ನೋಡಿ ನೋಡಿ ಆಮೇಲೆ ಎಂತದೋ ಸುಟ್ಟ ವಾಸನೆ ಬರ್ತದಪ್ಪ" ಅಂದ್ರು. ಬಾನೆಟ್ ತೆಗೆದು ಮುಟ್ಟಿ ನೋಡಿದ್ರೆ ಆಕ್ಸಿಲರೇಟರ್ ಕೇಬಲ್ ಬಿಸಿ! ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಅದಕ್ಕೂ ನೇರ ಸಂಬಂಧ ಇಲ್ಲ, ಮಧ್ಯೆ ಇರುವುದು ಆ ಒಂದು ಹೆಣೆದ ತಾಮ್ರದ ಪಟ್ಟಿ. ಅದು ಕಿಲುಬು ಹಿಡಿದು ಬರೀ ಹೆಸರಿಗೆ ಉಳಿದಿತ್ತು. ಸೆಲ್ಫಿನ ಅಷ್ಟು ದೊಡ್ಡ ಕರೆಂಟು ವಾಪಸ್ ಹೋಗ್ಲಿಕ್ಕೆ ಬೇರೆ ಲೋಹ ಎಲ್ಲಿ ಸಿಗ್ತದೆ ಅಂತ ಹುಡುಕಿ ಆಕ್ಸಿಲರೇಟರ್ ಕೇಬಲ್ ಹಿಡಿದುಕೊಂಡಿತ್ತು.

ಇದನ್ನು ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಹಿಡಿಯುವ ಕ್ರಮ ಉಂಟು, ಸ್ವಲ್ಪ ನಿಧಾನ ಹೇಳ್ತೇನೆ. ಗಾಡಿ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಇಗ್ನಿಷನ್ ಕಾಯಿಲ್‌ಗೆ ಹೋಗುವ ತೆಳು ವಯರ್ ಬಿಚ್ಚಿಡಿ, ಎಂಜಿನ್ ಸ್ಟಾರ್ಟ್ ಆಗ್ಬಾರ್ದು, ತಿರುಗ್ಬೇಕು ಅಷ್ಟೆ. ಮೀಟರ್ ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ, ಇನ್ನೊಂದು ಎಂಜಿನ್ನಿನ ಯಾವುದಾದ್ರೂ ಬರೀ ಲೋಹಕ್ಕೆ. ಒಬ್ರು ಸೆಲ್ಫ್ ಹೊಡೀಲಿ. ಮೀಟರ್ 0.2 ವೋಲ್ಟಿನ ಒಳಗೆ ತೋರಿಸಿದ್ರೆ ದಾರಿ ಸಮಾ ಉಂಟು. ಮಾಸ್ಟ್ರ ಗಾಡಿಯಲ್ಲಿ 3 ವೋಲ್ಟ್ ದಾಟಿತ್ತು, ಅಂದ್ರೆ 12 ವೋಲ್ಟಿನಲ್ಲಿ ಕಾಲಂಶ ಆ ಪಟ್ಟಿಯಲ್ಲೇ ಬಿಸಿಯಾಗಿ ಮುಗೀತಾ ಇತ್ತು. ಇದನ್ನೇ ಸೆಲ್ಫ್ ಹೊಡೆಯದೆ, ಓಮ್ ಲೆಕ್ಕದಲ್ಲಿ ನೋಡಿದ್ರೆ ಎಂತದೂ ಗೊತ್ತಾಗುವುದಿಲ್ಲ. ಲೆಕ್ಕ ಹಾಕಿ ಬೇಕಾದ್ರೆ, 0.02 ಓಮ್ ತಡೆ ಅಂದ್ರೆ ಮಾಮೂಲಿ ಮೀಟರಿಗೆ ಸೊನ್ನೆಯೇ, ಆದ್ರೆ ಸೆಲ್ಫ್ 150 ಆಂಪಿಯರ್ ಎಳೆಯುವಾಗ ಅದೇ ತಡೆ 3 ವೋಲ್ಟ್ ತಿನ್ತದೆ. ಅದೇ ತಡೆ 5 ಆಂಪಿಯರಿನ ಹೆಡ್‌ಲೈಟಿನ ದಾರಿಯಲ್ಲಿ ಇದ್ದಿದ್ರೂ ತಿನ್ನುವುದು ಬರೀ 0.1 ವೋಲ್ಟ್. ಲೈಟ್ ಉರೀತದೆ, ಸೆಲ್ಫ್ ತಿರುಗುವುದಿಲ್ಲ ಅನ್ನುವ ಒಗಟಿನ ಗುಟ್ಟು ಇದು.

ಇದೇ ಕಾರಣಕ್ಕೆ ನನಗೆ ಡಿಜಿಟಲ್ ಮೀಟರಿಗಿಂತ ಒಂದೊಂದು ಸರ್ತಿ ಟೆಸ್ಟ್ ಲ್ಯಾಂಪ್ ಮೇಲೆ ನಂಬಿಕೆ ಜಾಸ್ತಿ. ಎಳೆ ಎಲ್ಲ ಕಡಿದು ಕಿಲುಬು ಹಿಡಿದ ಒಂದೇ ಎಳೆ ಉಳಿದ ವಯರಿಗೆ ಮೀಟರ್ ಹಿಡಿದ್ರೆ ನೀಟಾಗಿ 12 ವೋಲ್ಟ್ ತೋರಿಸ್ತದೆ, ಯಾಕಂದ್ರೆ ಮೀಟರ್ ಕರೆಂಟು ಎಳೆಯುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಒಂದು 21 ವ್ಯಾಟಿನ ಬಲ್ಬಿಗೆ ಎರಡು ವಯರ್ ಕಟ್ಟಿ ಅದೇ ಜಾಗಕ್ಕೆ ಹಿಡಿಯಿರಿ, ಬಲ್ಬ್ ಸುಮಾರು ಪೌಣೆರಡು ಆಂಪಿಯರ್ ಕೇಳ್ತದೆ, ಆಗ ವಯರಿನ ಬಣ್ಣ ಬಯಲು. ಆದ್ರೆ ಒಂದು ಮಾತು, ಕಂಪ್ಯೂಟರ್ ಇರುವ, ಅಂದ್ರೆ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರಿನ ವಯರಿಗೆ, ಆ ಪೆಟ್ಟಿಗೆಯ ವಯರಿಗೆ ಈ ಬಲ್ಬ್ ಹಿಡೀಲಿಕ್ಕೆ ಹೋಗ್ಬೇಡಿ, ಒಳಗಿನದ್ದು ಸುಟ್ಟು ಹೋಗ್ತದೆ. ಅಲ್ಲಿಗೆ ಮೀಟರೇ ಬೇಕು.

ಹೆಡ್‌ಲೈಟ್ ಮಂಕು ಅಂತ ಜಾಸ್ತಿ ವ್ಯಾಟಿನ ಬಲ್ಬ್ ಹಾಕುವವರ ಬಗ್ಗೆಯೂ ಎರಡು ಮಾತು. ವೋಲ್ಟೇಜ್ 10 ಪರ್ಸೆಂಟ್ ಕಮ್ಮಿ ಆದ್ರೆ ಬೆಳಕು ಸುಮಾರು 30 ಪರ್ಸೆಂಟ್ ಬೀಳ್ತದೆ. ಹಳೆ ಗಾಡಿ ಎಷ್ಟೋದರಲ್ಲಿ ಎರಡೂ ಲೈಟಿನ ಕರೆಂಟು ಸ್ಟೀರಿಂಗ್ ಬುಡದ ಸ್ವಿಚ್ಚಿನ ಮೂಲಕವೇ ಹೋಗುವುದು. ದೊಡ್ಡ ಬಲ್ಬ್ ಹಾಕಿದ್ರೆ ಆ ಸ್ವಿಚ್ ಕರಗ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ದಪ್ಪ ವಯರ್ ತಂದು ರಿಲೇ, ಅಂದ್ರೆ ಸಣ್ಣ ಕರೆಂಟಿನಲ್ಲಿ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್, ಹಾಕಿಸಿ, ಲೈಟಿನ ಅರ್ಥ್ ಹೊಸದು ಮಾಡಿಸಿ, ಅದೇ 60/55 ವ್ಯಾಟಿನ ಬಲ್ಬ್ ಸಾಕಷ್ಟು ಬೆಳಕು ಕೊಡ್ತದೆ.

ಇನ್ನೊಂದು ಸಾಮಾನ್ಯ ದೂರು, ಗಾಡಿ ಎರಡು ಮೂರು ದಿನ ನಿಲ್ಲಿಸಿದ್ರೆ ಬ್ಯಾಟರಿ ಡೌನ್. ಬಾಗಿಲೆಲ್ಲ ಹಾಕಿ, ನೆಗೆಟಿವ್ ಬಿಚ್ಚಿ, ಕಂಬಕ್ಕೂ ವಯರಿಗೂ ಮಧ್ಯೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ ನೋಡಿ. ಮೀಟರ್ ಸೇರಿಸಿದ ಮೇಲೆ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಹೆಡ್‌ಲೈಟ್ ಹಾಕ್ಬೇಡಿ, ಮೀಟರ್ ಹೋಗ್ತದೆ. 50 ಮಿಲಿಆಂಪಿಯರ್ ಒಳಗಿದ್ರೆ ಚಿಂತೆ ಇಲ್ಲ, ಗಡಿಯಾರ, ಸ್ಟೀರಿಯೋದ ಮೆಮೊರಿಗೆ ಅಷ್ಟು ಬೇಕು. 300 ತೋರಿಸಿದ್ರೆ ದಿನಕ್ಕೆ 7 ಆಂಪಿಯರ್-ಅವರ್ ಸೋರಿತು, 35ರ ಬ್ಯಾಟರಿ ಮೂರು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಫ್ಯೂಸ್ ಒಂದೊಂದೇ ತೆಗೀತಾ ಹೋಗಿ, ಯಾವುದು ತೆಗೆದಾಗ ಮೀಟರ್ ಇಳೀತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಡಿಕ್ಕಿಯ ಲೈಟ್ ಮುಚ್ಚಿದ ಮೇಲೂ ಉರಿಯುವುದು ಇರ್ತದೆ, ರಿಲೇ ಅಂಟಿಕೊಂಡಿರುವುದೂ ಇರ್ತದೆ. ಎಲ್ಲ ಫ್ಯೂಸ್ ತೆಗೆದರೂ ಇಳೀಲಿಲ್ಲವಾ, ಆಗ ಡೈನಮೋದ ದಪ್ಪ ವಯರ್ ಬಿಚ್ಚಿ ನೋಡಿ, ನೆಗೆಟಿವ್ ತೆಗೆದಿಟ್ಟು ಬಿಚ್ಚಿ ಮತ್ತೆ. ಈಗಿನ ಡೈನಮೋ ಅಂದ್ರೆ ಆಲ್ಟರ್ನೇಟರ್, ಅದರೊಳಗಿನ ಡಯೋಡ್ ಸೋರಿದ್ರೆ ಹಗಲು ಚಾರ್ಜ್ ಮಾಡಿ ರಾತ್ರಿ ಅದೇ ಕುಡೀತದೆ. ಡಯೋಡ್ ಹಾಳಾದ್ರೆ ಕಾರಿನ ರೇಡಿಯೋದಲ್ಲಿ ಕುಂಯ್ ಅಂತ ಒಂದು ರಾಗ, ಎಂಜಿನ್ ಏರಿಸಿದಷ್ಟೂ ಅದೂ ಏರ್ತದೆ. ಈಗ ನೀವು ಕಾರಿನಲ್ಲಿ ಕೂತು ನನ್ನ ಮಾತಿನ ಜೊತೆ ಆ ರಾಗವನ್ನೂ ಕೇಳ್ತಾ ಇದ್ದರೆ, ಅದು ನಮ್ಮ ಸ್ಟೇಷನ್ನಿನದ್ದಲ್ಲ ಮಾರಾಯ್ರೆ!

ಮತ್ತೆ ಹಿಂದಿನ ಓನರ್‌ಗಳ ಉಪಕಾರ. ರಿವರ್ಸ್ ಹಾಡು, ಸೆಂಟ್ರಲ್ ಲಾಕ್, ನೀಲಿ ಲೈಟು, ಎರಡೆರಡು ಸ್ಟೀರಿಯೋ, ಎಲ್ಲ ಸಿಕ್ಕಿದ ವಯರಿನ ಸಿಪ್ಪೆ ಸುಲಿದು ಸುತ್ತಿ ಟೇಪ್ ಹಾಕಿದ್ದು. ಕಂಪೆನಿಯ ವಯರಿಂಗ್ ಅಲ್ಲದ್ದು ಕಂಡ್ರೆ ಮೊದಲು ಅದನ್ನು ಬಿಚ್ಚಿಡಿ, ಆಮೇಲೆ ಪತ್ತೆದಾರಿಕೆ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದ ಫ್ಯೂಸ್ ಸಿಕ್ಕಿದ್ರಂತೂ ಆ ಲೈನ್ ಪೂರ್ತಿ ನೋಡದೆ ಗಾಡಿ ಓಡಿಸ್ಬೇಡಿ. ಫ್ಯೂಸ್ ಹೋಗ್ತಾ ಇತ್ತು ಅಂದ್ರೆ ಎಲ್ಲೋ ವಯರ್ ಉಜ್ಜಿ ಬಾಡಿಗೆ ತಾಗ್ತಾ ಇತ್ತು, ಬೇಗಡೆ ಹಾಕಿದ ಮೇಲೆ ಸುಡುವುದು ಫ್ಯೂಸ್ ಅಲ್ಲ, ವಯರಿಂಗ್.

ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆಗೆ ಗಡಿಬಿಡಿ ಆಗುವುದಿಲ್ಲ. ಲೈಟ್ ಹಾಕಿಟ್ಟು ವಯರಿನ ಕಟ್ಟು, ವಯರ್ ಸೇರಿಸುವ ಕಪ್ಲರ್ ಒಂದೊಂದೇ ಅಲ್ಲಾಡಿಸಿ ನೋಡ್ಬೇಕು. ಮಳೆಗೆ ಮಾತ್ರ ಬರುವುದಾದ್ರೆ ಒಣ ದಿನದಲ್ಲಿ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟ್ಲಿ ಹಿಡ್ಕೊಂಡು ಒಂದು ಜಾಗಕ್ಕೆ ಹೊಡೆದು, ಕಾದು, ಮತ್ತೊಂದು ಜಾಗಕ್ಕೆ ಹೊಡೀರಿ, ಒಟ್ರಾಶಿ ಪೈಪ್ ಬಿಟ್ರೆ ಎಲ್ಲಿಯದ್ದು ಅಂತ ಗೊತ್ತಾಗುವುದಿಲ್ಲ. ಎಲೆಕ್ಟ್ರಿಷಿಯನ್ ಹತ್ರ ಹೋಗುವಾಗ "ಅಣ್ಣ, ಲೈಟ್ ಸರಿ ಇಲ್ಲ" ಅಂತ ಮಾತ್ರ ಹೇಳದೆ, ಯಾವಾಗ ಆಗ್ತದೆ, ಆಗುವಾಗ ಬೇರೆ ಎಂತೆಂತ ಆನ್ ಇತ್ತು, ಎಂಜಿನ್ ಬಿಸಿ ಇತ್ತಾ, ಗುಂಡಿಗೆ ಇಳಿದಾಗಲಾ ಅಂತ ಬರೆದಿಟ್ಟುಕೊಂಡು ಹೋಗಿ, ಅವರ ಅರ್ಧ ದಿನ ಉಳೀತದೆ, ನಿಮ್ಮ ಬಿಲ್ಲೂ.

ಈ ಸಲ ಮಳೆ ಹಿಡಿಯುವ ಮೊದಲು ಒಂದು ಆದಿತ್ಯವಾರ ಎಂಜಿನ್ನಿನ ಪಟ್ಟಿ, ಬ್ಯಾಟರಿಯ ನೆಗೆಟಿವ್, ನಾಲ್ಕು ಮೂಲೆಯ ಲೈಟಿನ ಅರ್ಥ್, ಇಷ್ಟನ್ನು ಬಿಚ್ಚಿ ಸ್ಯಾಂಡ್‌ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ. ಬಿಗಿ ಮಾಡಿದ ಮೇಲೆ, ಮೊದಲಲ್ಲ. ಹಿಂದಿನ ಲೈಟಿನ ಗ್ಲಾಸಿನ ಸ್ಕ್ರೂ ತುಕ್ಕು ಹಿಡಿದು ಕೂತಿರ್ತದೆ, ಒತ್ತಾಯ ಮಾಡಿದ್ರೆ ಪ್ಲಾಸ್ಟಿಕ್ ಒಡೀತದೆ, ಹಳೆ ಗಾಡಿಗೆ ಆ ಗ್ಲಾಸ್ ಈಗ ಸಿಗುವುದು ಕಷ್ಟ, ಹಾಗಾಗಿ ಶನಿವಾರ ರಾತ್ರಿಯೇ ಎರಡು ಹನಿ ಎಣ್ಣೆ ಬಿಟ್ಟಿಡಿ. ನಮಸ್ಕಾರ.